ಪೆಟ್ಟಿಗೆಯೊಳಗೆ ಎರಡು ಸಂಸಾರ

ಅರಸೀಕೆರೆಯ ನಮ್ಮ ಸ್ಟುಡಿಯೋದಲ್ಲಿ ಕಂಪ್ಯೂಟರು ಒಂದೇ, ಅದರೊಳಗೆ ಸಂಸಾರ ಮಾತ್ರ ಎರಡು. ಸ್ವಿಚ್ಚು ಒತ್ತಿದ ಕೂಡಲೇ ಕಪ್ಪು ಪರದೆಯ ಮೇಲೆ ಸಾಲುಗಳು ಮೂಡಿ, ಕಂಪ್ಯೂಟರನ್ನು ನಡೆಸುವ ಎರಡು ವ್ಯವಸ್ಥೆಗಳಲ್ಲಿ ಲಿನಕ್ಸಿಗೆ ಹೋಗುತ್ತೀರೋ ವಿಂಡೋಸಿಗೆ ಹೋಗುತ್ತೀರೋ ಎಂದು ಕೇಳುತ್ತದೆ. ಬೇಗ ಹೇಳದಿದ್ದರೆ ತಾನೇ ಲಿನಕ್ಸಿಗೆ ಹೋಗಿಬಿಡುತ್ತದೆ. ಹಾಗೆ ಏರ್ಪಾಡು ಮಾಡಿದವಳು ನಾನೇ. ನನ್ನ ಗಂಡನಿಗೆ ಸ್ವಿಚ್ಚು ಒತ್ತಿ ಎದುರಿನ ಹೋಟೆಲಿಗೆ ಕಾಫಿಗೆ ಹೋಗುವ ಅಭ್ಯಾಸ. ವಾಪಸ್ಸು ಬಂದು ನೋಡಿದರೆ ಅವರಿಗೆ ಬೇಡದ ಸಂಸಾರ ಹಲ್ಲು ಕಿರಿದುಕೊಂಡು ಕೂತಿರುತ್ತದೆ. ಮತ್ತೆ ಆರಿಸಬೇಕು, ಮತ್ತೆ ಹಚ್ಚಬೇಕು. ಅವರು ಗೊಣಗುವುದು ಅಡುಗೆಮನೆಯವರೆಗೂ ಕೇಳಿಸುತ್ತದೆ. ನಾನು ಒಗ್ಗರಣೆಗೆ ಸಾಸಿವೆ ಹಾಕುತ್ತೇನೆ. ಇದನ್ನು ಅವರು ಸೇಡು ಎನ್ನುತ್ತಾರೆ. ಅನ್ನಲಿ ಬಿಡಿ.

ಸ್ಟುಡಿಯೋ ಎಂದರೆ ನಮ್ಮ ಮನೆಯ ಮುಂದಿನ ಕೋಣೆ. ಶುರು ಮಾಡಿದವರು ನನ್ನ ಮಾವ, ಗಂಡನ ತಂದೆ. ಅವರು ತೀರಿಕೊಂಡ ಮೇಲೆ ಕ್ಯಾಮೆರಾ ಗಂಡನ ಕೈಗೆ ಬಂತು, ಕಂಪ್ಯೂಟರು ನನ್ನ ಕೈಗೆ. ಗಂಡ ಫೋಟೋ ತೆಗೆಯುತ್ತಾರೆ, ನಾನು ಆಲ್ಬಂ ಮಾಡುತ್ತೇನೆ. ಮದುವೆಗೆ ಮುಂಚೆ ಹುಡುಗ ಹುಡುಗಿ ಇಬ್ಬರನ್ನೂ ಹಳೇಬೀಡಿಗೆ ಕರೆದುಕೊಂಡು ಹೋಗಿ, ಕಾವಲುಗಾರ ಸೀಟಿ ಊದುವ ತನಕ ದೇವಸ್ಥಾನದ ಮುಂದೆ ನಿಲ್ಲಿಸಿ, ಊದಿದ ಮೇಲೆ ಕೆರೆ ಏರಿಯ ಕಡೆ ಓಡಿಸಿ, ಹೇಗೋ ಮಾಡಿ ಫೋಟೋ ತರುತ್ತಾರೆ. ಹುಡುಗಿಯ ಮುಖದ ಬೆವರು ಒರೆಸುವವಳು, ಹುಡುಗನ ಹಿಂದೆ ಮೇಯುತ್ತಿರುವ ಎಮ್ಮೆಯನ್ನು ಮಾಯ ಮಾಡುವವಳು ನಾನು. ಈ ಕೆಲಸಕ್ಕೆ ನಾನು ಕಲಿತಿರುವ ಸಾಫ್ಟ್‌ವೇರು ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆ. ಹಾಗಾಗಿ ನಮ್ಮ ಅನ್ನ ಬೇಯುವುದು ಆ ಕಡೆ.

ಪೀಡೆ ಬರುತ್ತಿದ್ದುದೂ ಆ ಕಡೆಗೇ, ಪೆನ್ ಡ್ರೈವ್ ಹತ್ತಿಕೊಂಡು. "ಇದ್ರಲ್ಲಿ ನಮ್ಮಜ್ಜಿ ಫೋಟೋ ಐತೆ, ಆಲ್ಬಂ ಮೊದಲನೇ ಹಾಳೆಗೆ ಹಾಕಿ" ಎಂದು ಒಬ್ಬರು, "ಇದ್ರಲ್ಲಿ ಆರತಿ ಹಾಡು ಐತೆ, ವಿಡಿಯೋಗೆ ಸೇರಿಸಿ" ಎಂದು ಇನ್ನೊಬ್ಬರು. ಎಲೆ ಅಡಿಕೆ ಜೊತೆ ತಟ್ಟೆಯಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ ಪೆನ್ ಡ್ರೈವ್ ಕೊಟ್ಟ ಮಹಾತಾಯಿಯೂ ಉಂಟು. ಕುಂಕುಮವನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತೆಗೆಯಬಹುದು. ಒಳಗಿನ ವೈರಸ್ಸಿಗೆ ಏನು ಮಾಡುವುದು? ಒಂದು ಸಲ ಹಾಗೆ ಬಂದ ಒಂದು ಪೆನ್ ಡ್ರೈವು, ಜಾವಗಲ್ ಕಡೆಯವರ ಮದುವೆಯ ಫೋಟೋಗಳಿಗೆಲ್ಲ ಬೀಗ ಜಡಿದುಬಿಟ್ಟಿತು. ಕ್ಯಾಮೆರಾದ ಕಾರ್ಡನ್ನು ಇನ್ನೂ ಅಳಿಸಿರಲಿಲ್ಲವಾಗಿ ಮರ್ಯಾದೆ ಉಳಿಯಿತು. ಅಂದೇ ಸೆರಗು ಸಿಕ್ಕಿಸಿಕೊಂಡು ಕೂತೆ. ಇಂಟರ್ನೆಟ್ಟಿನಲ್ಲಿ ಪಾಠ ನೋಡಿ ನೋಡಿ, ಹಾರ್ಡ್ ಡಿಸ್ಕನ್ನು ಭಾಗ ಮಾಡಿ, ವಿಂಡೋಸಿನ ಪಕ್ಕದಲ್ಲಿ ಲಿನಕ್ಸನ್ನು ಕೂರಿಸಿದೆ. ಎರಡರ ನಡುವೆ ಇಬ್ಬರಿಗೂ ಕಾಣುವ ಒಂದು ಜಾಗ ಬಿಟ್ಟೆ. ಅದಕ್ಕೆ ನಮ್ಮ ಮನೆಯಲ್ಲಿ ನಡುಮನೆ ಎಂದು ಹೆಸರು.

ಆಮೇಲೆ ಕಟ್ಟಪ್ಪಣೆ ಹೊರಡಿಸಿದೆ. ಹೊರಗಿನ ಯಾವ ಪೆನ್ ಡ್ರೈವೂ ವಿಂಡೋಸಿನ ಮೂತಿ ನೋಡಕೂಡದು. ಮೊದಲು ಲಿನಕ್ಸಿನಲ್ಲಿ ತೆರೆಯಬೇಕು, ಅಲ್ಲೇ ವೈರಸ್ ಹುಡುಕಬೇಕು, ಬೇಕಾದ ಫೋಟೋ ಹಾಡು ಇಷ್ಟನ್ನೇ ಆರಿಸಿ ನಡುಮನೆಗೆ ಇಡಬೇಕು, ಆಮೇಲೆ ವಿಂಡೋಸು ಅದನ್ನು ಎತ್ತಿಕೊಳ್ಳಲಿ. ಮನೆಗೆ ಬಂದವರಿಗೆ ಬಾಗಿಲಲ್ಲೇ ಕಾಲಿಗೆ ನೀರು ಕೊಡುವುದಿಲ್ಲವೇ, ಹಾಗೆ.

ಈ ಮಾತು ಹೇಳಿ ನಾನೇ ಕೆಟ್ಟೆ. ಗಂಡ ಅದನ್ನು ಅಕ್ಷರಶಃ ನಂಬಿಬಿಟ್ಟರು. ಲಿನಕ್ಸಿನಲ್ಲಿ ಒಂದು ಸಲ ತೆರೆದರೆ ಸಾಕು, ಗಂಗಾಸ್ನಾನವಾದಂತೆ ಎಲ್ಲ ತೊಳೆದುಹೋಗುತ್ತದೆ ಎಂದುಕೊಂಡು ಪೆನ್ ಡ್ರೈವಿನಲ್ಲಿದ್ದುದನ್ನೆಲ್ಲ ಮೊಗೆದು ನಡುಮನೆಗೆ ಸುರಿಯತೊಡಗಿದರು. "ರೀ, ವಿಂಡೋಸಿಗಂತ ಬರೆದ ವೈರಸ್ಸು ಇಲ್ಲಿ ಎದ್ದೇಳಲ್ಲ ಅಷ್ಟೇ, ಸಾಯಲ್ಲ. ಮಲಗಿರೋದನ್ನ ಎತ್ಕೊಂಡೋಗಿ ಅಲ್ಲಿ ಮಲಗಿಸಿದ್ರೆ ಅಲ್ಲಿ ಎದ್ದು ಕೂತ್ಕೊಳತ್ತೆ. ಲಿನಕ್ಸಿಗೂ ಅದರದ್ದೇ ಬೇರೆ ಕಾಯಿಲೆಗಳಿವೆ, ಮೈಮರೀಬೇಡಿ" ಎಂದು ಎಷ್ಟು ಸಲ ಬಾಯಿ ಬಡಿದುಕೊಂಡೆನೋ. "ಆಯ್ತು ಕಣೇ ಡಾಕ್ಟರಮ್ಮ" ಎನ್ನುತ್ತಿದ್ದರು. ಆ ಡಾಕ್ಟರಮ್ಮ ಎಂಬ ಮಾತಿಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅತ್ತೆಯ ಚಿಂತೆಯೇ ಬೇರೆ. ಆಯುಧಪೂಜೆಯ ದಿನ ಕ್ಯಾಮೆರಾಗಳಿಗೆಲ್ಲ ವಿಭೂತಿ ಹಚ್ಚಿ, ಹೂವಿಟ್ಟು, ಕಂಪ್ಯೂಟರಿನ ಮುಂದೆ ಬಂದು ನಿಂತರು.

"ಲೇ, ಇದರೊಳಗೆ ಇಬ್ಬರವರೆ ಅಂತೀಯಲ್ಲ. ಒಂದೇ ಕಾಯಿ ಒಡೆದ್ರೆ ಇನ್ನೊಬ್ರು ಮುನಿಸ್ಕೊಳಲ್ವಾ?"

"ಅವ್ವಾ, ಪೆಟ್ಟಿಗೆ ಒಂದೇ ಕಣವ್ವಾ" ಎಂದರು ನನ್ನ ಗಂಡ.

"ಮನೆ ಒಂದೇ ಅಂತ ನಿನಗೂ ನಿನ್ನ ಹೆಂಡ್ತಿಗೂ ಒಂದೇ ತಟ್ಟೇಲಿ ಬಡಿಸ್ಲಾ?"

ಎರಡು ಕಾಯಿ ಒಡೆದರು. ಅರಸೀಕೆರೆಯಲ್ಲಿ ಕಾಯಿಗೇನು ಬರವೇ? ಎರಡನೆಯದು ಕೊಳೆತಿತ್ತು. "ಅದು ನಿನ್ನ ಲಿನಕ್ಸಿಂದು" ಎಂದು ಗಂಡ ಕೈತಟ್ಟಿ ನಕ್ಕರು. ಅತ್ತೆ ಅವರ ತಲೆಯ ಮೇಲೊಂದು ಮೊಟಕಿ, ಹಿತ್ತಲಿಂದ ಇನ್ನೊಂದು ಕಾಯಿ ತಂದು ಒಡೆದರು. ಅಂದಿನಿಂದ ಅವರ ಬಾಯಲ್ಲಿ ವಿಂಡೋಸು "ಅಂಗಡಿ ಕಡೆ", ಲಿನಕ್ಸು "ಸೊಸೆ ಕಡೆ".

ಈಗ ಮಾವನ ವಿಷಯಕ್ಕೆ ಬರಬೇಕು. ಊರಿನ ಅರ್ಧ ಜನರ ಮದುವೆ, ನಾಮಕರಣ, ಗೃಹಪ್ರವೇಶಕ್ಕೆಲ್ಲ ಫೋಟೋ ತೆಗೆದ ಮನುಷ್ಯ. ಅವರದ್ದೇ ಒಂದು ನೆಟ್ಟಗಿನ ಫೋಟೋ ನಮ್ಮ ಮನೆಯಲ್ಲಿರಲಿಲ್ಲ. ಮುಖದ ಮುಂದೆ ಸದಾ ಕ್ಯಾಮೆರಾ. ಯಾರಾದರೂ ಅವರ ಫೋಟೋ ತೆಗೆಯಹೋದರೆ ಬೆಳಕು ಸರಿಯಿಲ್ಲ ಎಂದು ಜಗಳಕ್ಕೆ ನಿಲ್ಲುತ್ತಿದ್ದರು. ಹೃದಯಾಘಾತವಾಗಿ ಹಠಾತ್ತನೆ ಹೋಗಿಬಿಟ್ಟಾಗ, ಗೋಡೆಗೆ ಹಾಕಲು ಕೊನೆಗೆ ವೋಟರ್ ಕಾರ್ಡಿನ ಮುಖವನ್ನೇ ದೊಡ್ಡದು ಮಾಡಿದೆವು. ನಾನು ಎಷ್ಟು ತಿದ್ದಿದರೂ ಕಣ್ಣು ಕೆಕ್ಕರಿಸುವುದು ಹೋಗಲಿಲ್ಲ. ಅತ್ತೆ ಅದಕ್ಕೆ ದಿನಾ ಹೂ ಹಾಕುತ್ತಾರೆ, ಹಾಕುತ್ತಾ ದಿನಾ ಬಯ್ಯುತ್ತಾರೆ. "ಪೊಲೀಸ್ ಸ್ಟೇಷನ್ನಲ್ಲಿ ನೇತಾಕೋ ಫೋಟೋ ಇದು. ನಮ್ಮೋರು ಹಿಂಗಿದ್ರಾ? ಅವರು ಮಾತಾಡ್ತಾ ಮಾತಾಡ್ತಾ ಓಡಾಡೋದು ಒಂದ್ಸಲ ಕಣ್ಣಿಗೆ ಬಿದ್ದಿದ್ರೆ ಸಾಕಾಗಿತ್ತು ಕಣೇ. ದನಿ ಮರ್ತೋಗ್ತಾ ಐತೆ." ಆ ಕೊನೆಯ ಮಾತನ್ನು ಅವರು ಮೊದಲ ಸಲ ಹೇಳಿದ ದಿನ ನನ್ನ ಕೈಯಿಂದ ಕೆಲಸ ಸಾಗಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಗೆಂಡೆಹಳ್ಳಿಯಿಂದ ಅತ್ತೆಯ ತಮ್ಮನ, ಎಂದರೆ ನನ್ನ ಗಂಡನ ಸೋದರಮಾವನ, ಫೋನು ಬಂತು. ಅವರು ಅಲ್ಲಿ ಬೇಸಾಯ ಮಾಡಿಕೊಂಡಿರುವವರು. ಮಾತು ಯಾವಾಗಲೂ ಹೊಲದ ಆಚೆ ಬದುವಿಗೆ ಕೇಳಿಸುವಷ್ಟು ಜೋರು.

"ಅಕ್ಕಾ, ಭಾವ ಸಿಕ್ಕವ್ರೆ!"

ಅತ್ತೆ ಕೈಲಿದ್ದ ಸೌಟನ್ನು ಬಿಟ್ಟರು. ಸ್ಪೀಕರಿನಲ್ಲಿ ಕೇಳುತ್ತಿದ್ದ ನಾನೂ ಗೋಡೆಗೆ ಒರಗಿದೆ. ವಿಷಯ ಇಷ್ಟೇ. ಅವರ ಮಗಳ ಮದುವೆ ಮಾಲೇಕಲ್ಲಿನಲ್ಲಿ ಆದಾಗ ಫೋಟೋ ತೆಗೆದವರು ನಮ್ಮ ಮಾವನೇ. ಅಂದು ಸೋದರಮಾವ ತಮ್ಮ ಮೊಬೈಲಿನಲ್ಲಿ ಏನೇನೋ ಹಿಡಿದಿದ್ದರಂತೆ. ಈಗ ಆ ಮೊಬೈಲು ಕೊಟ್ಟು ಹೊಸದು ತೆಗೆದುಕೊಳ್ಳಲು ಬೇಲೂರಿನ ಅಂಗಡಿಗೆ ಹೋದಾಗ, ಅಂಗಡಿಯವನು ಹಳೆಯದರಲ್ಲಿದ್ದುದನ್ನೆಲ್ಲ ಒಂದು ಪೆನ್ ಡ್ರೈವಿಗೆ ಇಳಿಸಿಕೊಟ್ಟನಂತೆ. ಇಳಿಸುವ ಮುಂಚೆ ಮೊಬೈಲಿನಲ್ಲಿ ನೋಡುತ್ತಿದ್ದರೆ ಅದರಲ್ಲಿ ಭಾವ! ಓಡಾಡುವ, ಮಾತಾಡುವ ಭಾವ.

"ನಾಳೆ ಬೆಳಿಗ್ಗೆ ಬಸ್ಸಿಗೆ ಬತ್ತೀನಿ. ಶುಂಠಿ ತರ್ಲಾ?" ಎಂದು ಕೇಳಿ ಫೋನಿಟ್ಟರು.

ಮಾರನೆಯ ದಿನ ಅವರು ಬೇಲೂರಿನಲ್ಲಿ ಬಸ್ಸು ಬದಲಿಸಿ, ಪೆನ್ ಡ್ರೈವನ್ನು ಬನೀನಿನ ಒಳಜೇಬಿನಲ್ಲಿ ಅಡಿಕೆ ಚೂರುಗಳ ಜೊತೆ ಭದ್ರವಾಗಿ ಇಟ್ಟುಕೊಂಡು ಬಂದಿಳಿದರು. ನನ್ನ ಗ್ರಹಚಾರ, ಅಂದೇ ನಾನು ಬಾಣಾವರಕ್ಕೆ ಗೃಹಪ್ರವೇಶಕ್ಕೆ ಹೋಗಬೇಕಾಗಿತ್ತು. ಹೊರಡುವಾಗ ಗಂಡನಿಗೆ ಹೇಳಿದೆ, "ನಾನು ಬರೋ ತನಕ ಮುಟ್ಟಬೇಡಿ. ಅಷ್ಟು ಆತುರ ಇದ್ರೆ ಲಿನಕ್ಸಲ್ಲಿ ತೆಗೀರಿ." ತಲೆ ಆಡಿಸಿದರು. ಆ ತಲೆ ಆಡಿಸುವುದನ್ನು ನಂಬಬಾರದು ಎಂದು ಇಷ್ಟು ವರ್ಷ ಸಂಸಾರ ಮಾಡಿಯೂ ನನಗೆ ತಿಳಿಯದೇ ಹೋಯಿತು.

ನಾನಿಲ್ಲದಾಗ ನಡೆದದ್ದನ್ನು ಆಮೇಲೆ ಮೂವರ ಬಾಯಿಂದಲೂ ಬಿಡಿಸಿ ಬಿಡಿಸಿ ತೆಗೆದೆ. ಗಂಡ ವಿಂಡೋಸಿನಲ್ಲಿ ಯಾರದೋ ಆಲ್ಬಂ ತೆರೆದು ಗಿರಾಕಿಗೆ ತೋರಿಸಿ ಕಳಿಸಿದ್ದಾರೆ. ಅತ್ತೆ ಸೀರೆ ಬದಲಾಯಿಸಿಕೊಂಡು ಬಂದು, ಬೆನ್ನ ಹಿಂದೆಯೇ ನಿಂತಿದ್ದಾರೆ. ಹೌದು, ಗಂಡನನ್ನು ನೋಡಲು ಸೀರೆ ಬದಲಾಯಿಸಿದ್ದರು. ಹಾಗೆ ನಿಂತಿರುವ ತಾಯಿಗೆ, ತಡಿ ಆರಿಸಿ ಹಚ್ಚುತ್ತೇನೆ ಎನ್ನಲು ಮಗನಿಗೆ ಬಾಯಿ ಬಂದಿಲ್ಲ. ಪೆನ್ ಡ್ರೈವನ್ನು ಸೀದಾ ಅಂಗಡಿ ಕಡೆಗೇ ಚುಚ್ಚಿದ್ದಾರೆ.

ಒಳಗಿದ್ದ ಹೆಸರುಗಳೆಲ್ಲ ಕಂಡವು. ಒಂದೊಂದರ ಮೂಲೆಯಲ್ಲೂ ಒಂದು ಪುಟ್ಟ ಬಾಣದ ಗುರುತು. ಒತ್ತಿದರೆ ಪರದೆ ಒಮ್ಮೆ ಮಿಣಕ್ಕೆಂದು ಸುಮ್ಮನಾಯಿತು. ಇನ್ನೊಂದನ್ನು ಒತ್ತಿದರು, ಅದೂ ಅಷ್ಟೇ. ಪೆನ್ ಡ್ರೈವು ನಿಧಾನ ಇರಬೇಕು, ಒಳಗೇ ಹಾಕಿಕೊಂಡು ನೋಡೋಣ ಎಂದು ಎಲ್ಲವನ್ನೂ ಕಂಪ್ಯೂಟರಿಗೆ ಕಾಪಿ ಮಾಡಿದರು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯಿತು. ಎಷ್ಟು ಬೇಗ ಆಯಿತು ಎಂದು ಖುಷಿ ಬೇರೆ ಪಟ್ಟರಂತೆ ಪುಣ್ಯಾತ್ಮರು. ಸ್ಟುಡಿಯೋದವರಿಗೊಂದು ಚಾಳಿ ಇರುತ್ತದೆ. ಕಾರ್ಡಿನಲ್ಲಿರುವುದನ್ನು ಕಾಪಿ ಮಾಡಿದ ತಕ್ಷಣ ಕಾರ್ಡನ್ನು ಫಾರ್ಮ್ಯಾಟ್ ಮಾಡಿ ಖಾಲಿ ಇಡುವುದು, ಮುಂದಿನ ಮದುವೆಯಲ್ಲಿ ಜಾಗವಿಲ್ಲ ಎಂದು ಪೇಚಾಡಬಾರದಲ್ಲ. ಮೆದುಳಿಗೆ ತಿಳಿಯುವ ಮುಂಚೆ ಬೆರಳು ಆ ಕೆಲಸ ಮಾಡಿರುತ್ತದೆ. ಮಾಡಿಯೇಬಿಟ್ಟರು.

ಇಷ್ಟಕ್ಕೇ ನಿಂತಿದ್ದರೂ ಸರಿಯಿತ್ತು. ನಮ್ಮ ಮನೆಯಲ್ಲಿ ಬೇರೆಯವರ ಪಾತ್ರೆಯನ್ನು ಖಾಲಿ ವಾಪಸ್ಸು ಕೊಡುವ ಪದ್ಧತಿ ಇಲ್ಲ. ಪಕ್ಕದ ಮನೆಯವರು ಡಬ್ಬಿಯಲ್ಲಿ ಪಾಯಸ ಕೊಟ್ಟರೆ, ತೊಳೆದು ಒಂದು ಚಮಚ ಸಕ್ಕರೆಯನ್ನಾದರೂ ಹಾಕಿಯೇ ಕೊಡಬೇಕು. ಖಾಲಿಯಾಗಿದೆ, ತಗೊಳ್ಳಿ ಮಾವ ಎಂದು ಮಗ ಪೆನ್ ಡ್ರೈವ್ ಚಾಚಿದ್ದನ್ನು ನೋಡಿ ಅತ್ತೆಗೆ ಎಲ್ಲಿಲ್ಲದ ಸಿಟ್ಟು ಬಂತು.

"ಏನ್ಲಾ, ನನ್ನ ತಮ್ಮನಿಗೆ ಖಾಲಿ ಕೊಟ್ಟು ಕಳಿಸ್ತೀಯಾ? ಭಾವನ್ನ ತಂದುಕೊಟ್ಟವ್ನೆ ಅವನು. ದೇವರ ಹಾಡಾದ್ರೂ ತುಂಬಿಸಿಕೊಡು."

"ಹಾಕು ಹಾಕು, ಟ್ರ್ಯಾಕ್ಟರ್‌ನಾಗೆ ಕೇಳ್ಕಂತೀನಿ" ಎಂದರಂತೆ ಸೋದರಮಾವ, ಕಾಫಿ ಹೀರುತ್ತಾ.

ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗ ಹಾಡು ತುಂಬುವ ಕೆಲಸ ನಡೆದಿತ್ತು. ವೆಂಕಟರಮಣನ ಮೇಲಿನ ಹಾಡೊಂದು ಹೋಗಿಯಾಗಿತ್ತು, ಶಿವನ ಹಾಡುಗಳು ಹೋಗುತ್ತಿದ್ದವು.

"ನೋಡಿದ್ರಾ ಮಾವನ್ನ?" ಎಂದು ಕೇಳಿದೆ.

"ಇನ್ನೂ ಇಲ್ಲ. ಅದು ತೆರ್ಕೊಳ್ತಾ ಇಲ್ಲ, ನೀನೇ ನೋಡು. ಕಾಪಿ ಮಾಡಿಟ್ಟು ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಿದ್ದೀನಿ" ಎಂದರು ಗಂಡ.

ಬಗ್ಗಿ ನೋಡಿದೆ. ಬಾಣದ ಗುರುತು. ಸಾಲಾಗಿ ಎಲ್ಲಕ್ಕೂ. ಒಂದೊಂದರ ಗಾತ್ರವೂ ಚಿಟಿಕೆಯಷ್ಟು. ಮರುಕ್ಷಣವೇ ಪೆನ್ ಡ್ರೈವನ್ನು ಕಿತ್ತುಕೊಂಡೆ. ಶಿವನ ಹಾಡು ಅರ್ಧಕ್ಕೇ ನಿಂತಿತು.

"ಏಯ್, ಹಂಗೆ ಕೀಳಬಾರದು ಅಂತ ನೀನೇ ಹೇಳಿದ್ದೆ!"

"ನಾನು ಹೇಳಿದ್ದು ಎಲ್ಲಾ ಕೇಳಿದ್ದೀರಲ್ಲ, ಇದೊಂದು ಬಾಕಿ!" ಎಂದು ಕಿರುಚಿದೆ. "ರೀ, ಇದು ವೈರಸ್ಸು. ನಿಜವಾದ ಫೈಲುಗಳನ್ನ ಬಚ್ಚಿಟ್ಟು, ಅದೇ ಹೆಸರಿನ ಬೋರ್ಡು ಮಾತ್ರ ಹೊರಗಡೆ ನೇತುಹಾಕಿದೆ. ಬೋರ್ಡು ಒತ್ತಿದ್ರೆ ಅದು ನಮ್ಮ ಕಂಪ್ಯೂಟರಿಗೆ ನುಗ್ಗತ್ತೆ. ನೀವು ಬೋರ್ಡು ಬಿಚ್ಕೊಂಡು ಬಂದು ಮನೆಗೆ ಬೆಂಕಿ ಇಟ್ಟಿದ್ದೀರಿ! ಲಿನಕ್ಸಲ್ಲಿ ತೆಗೆದಿದ್ರೆ ಬಚ್ಚಿಟ್ಟಿದ್ದೆಲ್ಲ ಅಲ್ಲೇ ಕಾಣ್ತಿತ್ತು!"

ಹಳೆಯ ಮೊಬೈಲು ಎಲ್ಲಿ ಎಂದು ಸೋದರಮಾವನನ್ನು ಕೇಳಿದರೆ, ಅಂಗಡಿಯವನು ಎಲ್ಲ ಅಳಿಸಿ ಆಗಲೇ ಯಾರಿಗೋ ಕೊಟ್ಟಾಯಿತು ಎಂದರು. ಅಂಗಡಿಗೆ ಫೋನು ಮಾಡಿದೆವು. ಅವನೂ ಅದನ್ನೇ ಹೇಳಿದ.

ಅತ್ತೆ ಕೇಳಿದರು, "ಅಂದ್ರೆ ಇಲ್ವಾ?"

ಬಯ್ದಿದ್ದರೆ, ಅತ್ತಿದ್ದರೆ ಏನೋ ಒಂದು ಸಮಾಧಾನ ಹೇಳುತ್ತಿದ್ದೆ. ಉಟ್ಟಿದ್ದ ಒಳ್ಳೆಯ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಅಷ್ಟೇ ಕೇಳಿದರು. ಗಂಡನ ಮೇಲೆ ಇನ್ನಷ್ಟು ಸಿಟ್ಟು ಬಂತು, ಅವರ ಕಣ್ಣಲ್ಲಿ ನೀರು ನೋಡಿ ಆ ಸಿಟ್ಟೂ ಅರ್ಧಕ್ಕೇ ಇಳಿಯಿತು. ಅವರಿಗೂ ಅಪ್ಪನಲ್ಲವೇ?

"ಕೂತ್ಕೊಳ್ಳಿ ಅತ್ತೆ. ಇನ್ನೂ ಇರಬಹುದು" ಎಂದೆ.

ಕಂಪ್ಯೂಟರು ಆರಿಸಿ, ಹಚ್ಚಿ, ಲಿನಕ್ಸಿಗೆ ಹೋದೆ. ಈ ಸಲ ಯಾರೂ ಗೊಣಗಲಿಲ್ಲ. ಅತ್ತೆಗೆ ಅರ್ಥವಾಗುವ ಹಾಗೆ ಹೇಳಿದೆ. ಛತ್ರದಲ್ಲಿ ಯಾವ ನೆಂಟರು ಯಾವ ರೂಮಿನಲ್ಲಿದ್ದಾರೆ ಎಂದು ಒಂದು ಚೀಟಿ ಬರೆದಿರುತ್ತಾರಲ್ಲ, ಫಾರ್ಮ್ಯಾಟ್ ಮಾಡಿದಾಗ ಹರಿದುಹೋಗಿರುವುದು ಆ ಚೀಟಿ ಮಾತ್ರ. ನೆಂಟರು ಇನ್ನೂ ರೂಮಿನಲ್ಲೇ ಮಲಗಿದ್ದಾರೆ. ಒಂದೊಂದೇ ಬಾಗಿಲು ತೆಗೆದು ನೋಡುತ್ತಾ ಹೋಗಬೇಕು.

"ಅಯ್ಯೋ, ಹಂಗಾದ್ರೆ ಅವ್ರೆ ಬಿಡು" ಎಂದು ಅತ್ತೆಯ ಮುಖ ಅರಳಿತು.

"ಹೊಸ ನೆಂಟರನ್ನ ಅದೇ ರೂಮಿಗೆ ನುಗ್ಗಿಸಿಲ್ಲ ಅಂದ್ರೆ" ಎಂದು ನಾನು ಮಾತು ಸೇರಿಸಲಿಲ್ಲ. ಹೊಸ ನೆಂಟರೆಂದರೆ ಆ ದೇವರ ಹಾಡುಗಳೇ. ಗಂಡ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರೂ ಅತ್ತೆಯ ಕಡೆ ನೋಡಲಿಲ್ಲ.

ಪೆನ್ ಡ್ರೈವಿಗೆ ಇನ್ನೇನೂ ಬರೆಯದ ಹಾಗೆ ಕಟ್ಟು ಹಾಕಿ, ಮೊದಲು ಅದರ ಇಡೀ ಪಡಿಯಚ್ಚನ್ನು ಲಿನಕ್ಸಿನ ಜಾಗಕ್ಕೆ ತೆಗೆದುಕೊಂಡೆ. ಅಲ್ಲಿಗೆ ವಿಂಡೋಸಿನ ಕಣ್ಣು ಹಾಯುವುದಿಲ್ಲ. ಆಮೇಲೆ ಕಳೆದುಹೋದ ಫೈಲು ಹುಡುಕುವ ಪ್ರೋಗ್ರಾಮನ್ನು ಆ ಅಚ್ಚಿನ ಮೇಲೆ ಓಡಿಸಿದೆ. ಅದು ಹುಡುಕುತ್ತಿರುವಾಗ, ಮಲಗಿದ್ದ ವಿಂಡೋಸಿನ ಮೈಯನ್ನೂ ನಡುಮನೆಯನ್ನೂ ಲಿನಕ್ಸಿನಿಂದಲೇ ತಡಕಿಸಿದೆ. ವಿಂಡೋಸು ಎದ್ದಿರುವಾಗ ಈ ವೈರಸ್ಸು ಕೈಗೆ ಸಿಗದೆ ನುಣುಚಿಕೊಳ್ಳುತ್ತದೆ. ಅದು ಆರಿದ್ದಾಗ ಹೊರಗಿನಿಂದ ಹೋಗಿ ಜುಟ್ಟು ಹಿಡಿಯಬಹುದು. ವಿಂಡೋಸಿನೊಳಗೆ ಸಿಕ್ಕಿತು, ನಡುಮನೆಯಲ್ಲೂ ಸಿಕ್ಕಿತು. ಲಿನಕ್ಸಿನ ಜಾಗಕ್ಕೆ ಬಂದಿರಲಿಲ್ಲ. ಗಂಡನಿಗೆ ಬೆರಳು ಮಾಡಿ ತೋರಿಸಿದೆ. ಅವರು ಡಾಕ್ಟರಮ್ಮ ಎನ್ನಲಿಲ್ಲ. ಒಳಗೆ ಹೋಗಿ ತಾವೇ ಕಾಫಿ ಮಾಡಿಕೊಂಡು ಬಂದರು. ಸಕ್ಕರೆ ಮರೆತಿದ್ದರು.

ಸಂಜೆಯ ಹೊತ್ತಿಗೆ ಫೈಲುಗಳು ಒಂದೊಂದಾಗಿ ಏಳತೊಡಗಿದವು. ಹೆಸರಿಲ್ಲ, ಬರೀ ನಂಬರು. ಯಾವುದರಲ್ಲಿ ಮಾವ ಇದ್ದಾರೆ ಎಂದು ತಿಳಿಯಬೇಕಾದರೆ ಎಲ್ಲವನ್ನೂ ನೋಡಲೇಬೇಕು. ನಾವು ನಾಲ್ವರೂ ಕುರ್ಚಿ ಎಳೆದುಕೊಂಡು ಕೂತೆವು.

ಮೊದಲನೆಯದರಲ್ಲಿ ಬೋರ್‌ವೆಲ್ಲಿನಿಂದ ನೀರು ಚಿಮ್ಮುತ್ತಿತ್ತು. ಎರಡನೆಯದರಲ್ಲೂ ಅದೇ ನೀರು. ಮೂರನೆಯದರಲ್ಲಿ ಸೋದರಮಾವನ ಹೆಬ್ಬೆರಳು. ಅದು ಬಹಳ ಹೊತ್ತು ಓಡಿತು.

"ಏನಪ್ಪಾ ಇದು?" ಎಂದರು ಅತ್ತೆ.

"ಬೇಲೂರಿನ ದೇವಸ್ಥಾನ ಅಕ್ಕ. ಬೆಟ್ಟು ಅಡ್ಡ ಬಂದೈತೆ."

ಆಮೇಲೆ ಹಸು ಕರು ಹಾಕಿದ್ದು, ಯಾರೋ ಜಗಳವಾಡಿದ್ದು, ಶುಂಠಿ ಹೊಲ, ಮತ್ತೆ ಹೆಬ್ಬೆರಳು. ಒಂದು ವಿಡಿಯೋದಲ್ಲಿ ಯಾವುದೋ ಹಬ್ಬದೂಟದ ಪಂಕ್ತಿ. ಸೋದರಮಾವ ಎದ್ದು ನಿಂತು, ಸೊಂಟಕ್ಕೆ ಟವೆಲ್ಲು ಸೆರಗಿನಂತೆ ಸಿಕ್ಕಿಸಿಕೊಂಡು, ಮೂಗಿನಲ್ಲಿ ಮಾತಾಡುತ್ತಾ ಯಾರನ್ನೋ ಅಣಕಿಸುತ್ತಿದ್ದರು. "ನಮ್ಮೋರು ಹಿಂಗಂದ್ರು, ನಮ್ಮೋರು ಹಂಗಂದ್ರು, ಇನ್ನೊಂಚೂರು ಸಾರು ಹಾಕ್ಲಾ? ಸಾರಲ್ಲ ಕಣ್ರಪ್ಪೋ, ನೀರು!" ಪಂಕ್ತಿಯವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ನನಗೂ ನಗು ತಡೆಯಲಾಗದೆ ಕೆಮ್ಮು ಬಂದವಳಂತೆ ನಟಿಸಿದೆ. ಅತ್ತೆ ಮೆಲ್ಲಗೆ ತಮ್ಮನ ಕಡೆ ತಿರುಗಿದರು.

"ಯಾರೋ ಅದು?"

"ಯಾರೋ... ನಮ್ಮೂರಿನೋಳು ಅಕ್ಕ."

"ಹೂಂ, ನಿಮ್ಮೂರಲ್ಲೇ ಹುಟ್ಟಿದೋಳು. ರಾತ್ರಿ ಊಟಕ್ಕೆ ಕೂತ್ಕೋ, ನೀರು ಹಾಕ್ತೀನಿ."

ಸೋದರಮಾವನ ಶುಂಠಿ ಚೀಲ ಅಲ್ಲೇ ಮೂಲೆಯಲ್ಲಿತ್ತು. ಅವರು ಅದನ್ನು ತೋರಿಸಿ ಏನೋ ಹೇಳಹೊರಟವರು, ಅಕ್ಕನ ಕಣ್ಣು ನೋಡಿ ಪರದೆಯ ಕಡೆ ತಿರುಗಿಕೊಂಡರು. ನಾನು ಮುಂದಿನ ನಂಬರು ಒತ್ತಿದೆ. ಹುಡುಗಿಗೆ ಅರಿಶಿನ ಹಚ್ಚುತ್ತಿದ್ದರು. ಮಾಲೇಕಲ್ಲಿನ ಮದುವೆ ಬಂದಿತ್ತು. ಎಲ್ಲರೂ ಕುರ್ಚಿ ಮುಂದಕ್ಕೆಳೆದುಕೊಂಡೆವು. ಧಾರೆಯ ಒಂದು ತುಣುಕು, ಕೆಟ್ಟುಹೋಗಿ ಬರೀ ಬಣ್ಣದ ಪಟ್ಟಿಗಳು. ವಾಲಗದ ಸದ್ದು ಮಾತ್ರ ಇದ್ದದ್ದು ಒಂದು. ತೆರೆಯಲೇ ಒಲ್ಲದ್ದು ಒಂದು. ಉಳಿದಿದ್ದ ಫೈಲುಗಳು ಕಡಿಮೆಯಾಗುತ್ತಾ ಬಂದವು. ಗಂಡ ಉಗುರು ಕಚ್ಚತೊಡಗಿದರು.

ಆಮೇಲೆ ಒಂದು ತೆರೆಯಿತು. ಊಟದ ಚಪ್ಪರ. ಮುಂದೆ, ಬಿಳಿ ಅಂಗಿಯ ತೋಳು ಮಡಚಿಕೊಂಡು, ಕೊರಳಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ಮಾವ. ಪೂರ್ತಿ ಮುಖ. ಬೆವರಿತ್ತು, ಹಣೆಯ ವಿಭೂತಿ ಅರ್ಧ ಅಳಿಸಿತ್ತು. ಗಂಡಿನ ಕಡೆಯವರನ್ನು ಸಾಲಾಗಿ ನಿಲ್ಲಿಸುತ್ತಾ ರೇಗುತ್ತಿದ್ದರು. "ನಗ್ರೀ ಸ್ವಲ್ಪ, ಮದುವೆ ಮನೆ ಇದು! ಏಯ್ ಕೆಂಪು ಸೀರೆ ತಾಯಿ, ಮುಂದಕ್ಕೆ ಬನ್ನಿ!"

"ಅಪ್ಪ" ಎಂದರು ನನ್ನ ಗಂಡ.

ಅಷ್ಟರಲ್ಲಿ ಮಾವ ತಿರುಗಿ, ತಮ್ಮ ಕಡೆ ಹಿಡಿದಿದ್ದ ಮೊಬೈಲನ್ನು ನೋಡಿಬಿಟ್ಟರು. ಹುಬ್ಬು ಗಂಟಿಕ್ಕಿತು. ಮರುಕ್ಷಣ, ನಾನು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ನೋಡಿರದಷ್ಟು ಅಗಲವಾಗಿ ನಕ್ಕರು.

"ಏಯ್, ನನ್ನ ಯಾಕ್ಲಾ ಹಿಡೀತೀಯ, ನನ್ನಲ್ಲೇನೈತೆ? ಅಗೋ ಅಲ್ಲಿ ನೋಡು, ನಮ್ಮೋಳು ಹೋಳಿಗೆ ಬಡಿಸ್ತಾವ್ಳೆ. ಎಷ್ಟು ಚಂದ ಕಾಣ್ತಾವ್ಳೆ ನೋಡ್ಲಾ. ಅವಳನ್ನ ಹಿಡಿ."

ಮೊಬೈಲು ಅವರ ಬೆರಳು ತೋರಿಸಿದ ಕಡೆಗೆ ತಿರುಗಲಾರಂಭಿಸಿತು. ಚಪ್ಪರದ ಕಂಬ, ಬಾಳೆಲೆಯ ಸಾಲಿನ ತುದಿ, ಯಾರದೋ ಹಸಿರು ಸೆರಗಿನ ಅಂಚು ಕಂಡವು. ಅಲ್ಲಿಗೆ ನಿಂತುಹೋಯಿತು.

ಮತ್ತೆ ಒತ್ತಿದೆ. ಅಲ್ಲಿಗೇ ನಿಂತಿತು. ತುಂಬಿದ ಪೆನ್ ಡ್ರೈವಿನಲ್ಲಿ ಒಂದು ಫೈಲು ಕೆಲವು ಸಲ ಎರಡು ಕಡೆ ಹಂಚಿಕೊಂಡು ಕೂತಿರುತ್ತದೆ. ಇದರ ಮೊದಲ ಅರ್ಧ ಉಳಿದಿತ್ತು. ಎರಡನೆಯ ಅರ್ಧ ಇದ್ದ ಜಾಗವನ್ನು ತೆರೆದು ನೋಡಿದರೆ ಅಲ್ಲಿ ಶಿವನ ಹಾಡು ಕೂತಿತ್ತು. ಆ ಹಾಡು ಹಾಕಿಸಿದ್ದು ಯಾರೆಂದು ನನಗೂ ಗೊತ್ತು, ಗಂಡನಿಗೂ ಗೊತ್ತು. ಅವರು ಮೇಜಿನ ಕೆಳಗೆ ನನ್ನ ಕೈ ಅದುಮಿದರು. ನಾನು ಆ ಕಿಟಕಿಯನ್ನು ಮುಚ್ಚಿಬಿಟ್ಟೆ.

"ಮುಂದೆ ಹಾಕೇ" ಎಂದರು ಅತ್ತೆ.

"ಮುಂದೆ ಇಲ್ಲ ಅತ್ತೆ. ವೈರಸ್ಸು ತಿಂದುಬಿಟ್ಟಿದೆ" ಎಂದು ಸುಳ್ಳು ಹೇಳಿದೆ. ಹೇಳುವಾಗ ಅಳುವೇ ಬಂತು. ಅತ್ತೆಯನ್ನು ಎಷ್ಟು ಚಂದ ಎಂದ ಮಾವ, ಹಾಗೆ ಚಂದ ಕಂಡ ಅತ್ತೆ, ಈ ಎರಡರಲ್ಲಿ ಒಂದನ್ನು ಮಾತ್ರ ಅವರಿಗೆ ಕೊಡಲು ನನ್ನಿಂದ ಆಯಿತು.

ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿದರು. ಕೆನ್ನೆ ಎರಡೂ ಒದ್ದೆಯಾಗಿದ್ದವು, ಬಾಯಿ ಮಾತ್ರ ನಗುತ್ತಿತ್ತು.

"ಅದಕ್ಯಾಕೆ ಅಳ್ತೀಯೇ ಹುಚ್ಚಿ? ಮುಂದೆ ಬರೋಳು ನಾನೇ ತಾನೆ? ಇಲ್ಲೇ ಕೂತಿದ್ದೀನಲ್ಲ. ನೀನು ಅವರನ್ನ ಹಾಕು ಮತ್ತೆ."